ಈ ಸಾಲು ಏಕೆ ಬದಲಾಯಿತು? ಕನ್ನಡ ಜಾಲತಾಣದ ಬರಹಗಳನ್ನು ಗಿಟ್‌ನಲ್ಲಿ ನಿರ್ವಹಿಸುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕಥೆಗಾರ್ತಿಯೊಬ್ಬರು ಫೋನ್ ಮಾಡಿದರು. ನಾನು ನೋಡಿಕೊಳ್ಳುವ ಸಣ್ಣ ಜಾಲಪತ್ರಿಕೆಯಲ್ಲಿ ಅವರ ಕಥೆ ಪ್ರಕಟವಾಗಿ ಎರಡು ವಾರವಾಗಿತ್ತು. ಮೊದಲ ವಾರವೇ ಅವರು ಹೇಳಿ ತಿದ್ದಿಸಿದ್ದ ತಪ್ಪುಗಳೆಲ್ಲ ಮತ್ತೆ ಹಾಗೆಯೇ ಬಂದು ಕುಳಿತಿದ್ದವು. ಕಥೆಗೆ ಚಿತ್ರ ಸೇರಿಸಿದವರು ತಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯನ್ನು ತಿದ್ದಿದ ಪ್ರತಿಯ ಮೇಲೆ ಹಾಕಿಬಿಟ್ಟಿದ್ದರು. ತಿದ್ದಿದ ಪ್ರತಿ ಎಲ್ಲಿಯೂ ಉಳಿದಿರಲಿಲ್ಲ, ಏನೇನು ತಿದ್ದಿದ್ದೆವು ಎಂಬ ಪಟ್ಟಿಯೂ ಇರಲಿಲ್ಲ. ಒಂದೊಂದು ಪದವನ್ನೂ ಆರಿಸಿ ಬರೆದವರಿಗೆ ಅದೇ ತಪ್ಪನ್ನು ಎರಡನೆಯ ಸಲ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ಆ ತಿಂಗಳೇ ನಾವು ಪತ್ರಿಕೆಯ ಎಲ್ಲ ಬರಹಗಳನ್ನೂ, ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶಕ್ಕೆ ಸಾಗಿಸಿದೆವು.

ಗಿಟ್ ಪ್ರೋಗ್ರಾಮರುಗಳ ಸಾಧನವೆಂದು ಹಲವರು ದೂರ ನಿಲ್ಲುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಅದನ್ನು ಬರೆದದ್ದು ಲಿನಕ್ಸ್ ಕರ್ನೆಲ್‌ನ ಕೆಲಸಕ್ಕಾಗಿಯೇ. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶವನ್ನು ಉಚಿತವಾಗಿ ಬಳಸುವ ಅವಕಾಶ ತಪ್ಪಿಹೋಗಿತ್ತು. ಆದರೆ ಗಿಟ್ ನೋಡುವುದು ಸಾಲುಗಳನ್ನು. ಆ ಸಾಲಿನಲ್ಲಿರುವುದು ಪ್ರೋಗ್ರಾಮೋ ವಚನವೋ ಎಂಬುದು ಅದಕ್ಕೆ ಬೇಕಿಲ್ಲ. ಯಾವ ಸಾಲನ್ನು, ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ನಾಲ್ಕು ಉತ್ತರಗಳನ್ನು ಅದು ಇಟ್ಟುಕೊಳ್ಳುತ್ತದೆ. ಮೊದಲ ಮೂರನ್ನು ತಾನಾಗಿ ದಾಖಲಿಸುತ್ತದೆ; ನಾಲ್ಕನೆಯದನ್ನು ನಾವು ಬರೆಯಬೇಕು. ಆ ನಾಲ್ಕನೆಯದಕ್ಕಾಗಿಯೇ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಆದೇಶ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒತ್ತಬೇಕು.

ಮೊದಲು ನೋಡಬೇಕಾದದ್ದು: ಬರಹ ಎಲ್ಲಿದೆ?

ವರ್ಡ್‌ಪ್ರೆಸ್‌ನಲ್ಲಿ ಲೇಖನಗಳು ಡೇಟಾಬೇಸ್‌ನೊಳಗೆ ಇರುತ್ತವೆ. ಗಿಟ್ ಕಾಯುವುದು ಫೋಲ್ಡರಿನಲ್ಲಿರುವ ಕಡತಗಳನ್ನು. ಹಾಗಾಗಿ ವರ್ಡ್‌ಪ್ರೆಸ್‌ನ ಫೋಲ್ಡರನ್ನು ಗಿಟ್‌ಗೆ ಸೇರಿಸಿದರೆ ತಾಣದ ವಿನ್ಯಾಸ ಉಳಿಯುತ್ತದೆ, ಬರಹ ಉಳಿಯುವುದಿಲ್ಲ. ಇದನ್ನು ತಿಳಿಯದೆ ನಿಶ್ಚಿಂತರಾಗಿ ಇರುವವರನ್ನು ಕಂಡಿದ್ದೇನೆ. ನಿಮ್ಮದು ಒಬ್ಬರೇ ಬರೆದು ಒಬ್ಬರೇ ಪ್ರಕಟಿಸುವ ವರ್ಡ್‌ಪ್ರೆಸ್ ತಾಣವಾದರೆ ಅದರೊಳಗಿರುವ ರಿವಿಷನ್ ಸೌಲಭ್ಯವೇ ಸಾಕು. ಹಳೆಯ ಪ್ರತಿಗೆ ಅಲ್ಲಿಂದಲೇ ಮರಳಬಹುದು. ಇಬ್ಬರಿಗಿಂತ ಹೆಚ್ಚು ಜನರ ಕೈ ಆಡುವ ತಾಣವಾದರೆ ಬರಹವನ್ನು ಸರಳ ಪಠ್ಯದ ಕಡತಗಳಿಗೆ ತರುವುದು ಒಳ್ಳೆಯದು.

ನಾವು ಆರಿಸಿಕೊಂಡದ್ದು ಹ್ಯೂಗೊ. ಒಂದು ಲೇಖನಕ್ಕೆ ಒಂದು ಮಾರ್ಕ್‌ಡೌನ್ ಕಡತ, ಅಂದರೆ ಸರಳ ಗುರುತುಗಳಿರುವ ಪಠ್ಯ. ಹ್ಯೂಗೊ ಅವನ್ನೆಲ್ಲ ಓದಿ ಪುಟಗಳನ್ನು ಕಟ್ಟಿಕೊಡುತ್ತದೆ. ಜೆಕಿಲ್ ಕೂಡ ಇದೇ ಕೆಲಸ ಮಾಡುತ್ತದೆ. ಯಾವುದಾದರೂ ಆಗಬಹುದು, ಮುಂದೆ ಹೇಳುವ ಬಹುಪಾಲು ಎರಡಕ್ಕೂ ಹೊಂದುತ್ತದೆ.

ಕನ್ನಡ ಪಠ್ಯವನ್ನು ಹದಗೊಳಿಸುವುದು

ಇಂಗ್ಲಿಷ್ ಕೈಪಿಡಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಇದೇ ಮುಖ್ಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಟೈಪಿಸಿದ ಲೇಖನಗಳಲ್ಲಿ ನಿಜಕ್ಕೂ ಕನ್ನಡ ಇರುವುದಿಲ್ಲ. ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳು. ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಗಿಟ್‌ಗೆ ಫಾಂಟು ಕಾಣಿಸುವುದಿಲ್ಲವಾದ್ದರಿಂದ ಅದು ತೋರಿಸುವ ವ್ಯತ್ಯಾಸವನ್ನು ಯಾರೂ ಓದಲಾರರು. ಆದ್ದರಿಂದ ಎಲ್ಲವನ್ನೂ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತನ್ನೂ ಎರಡೆರಡು ಒತ್ತುಗಳಿರುವ ಅಕ್ಷರಗಳನ್ನೂ ಕಣ್ಣಾರೆ ನೋಡಿ. ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಯೂನಿಕೋಡ್ ಆದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಬೇರೆ ಬೇರೆ. ಒಬ್ಬರು ಒಂದು ಕೀಲಿಮಣೆಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಟೈಪಿಸಿದರೆ, ಏನೂ ಬದಲಾಗದ ಪ್ಯಾರಾ ಪೂರ್ತಿಯಾಗಿ ಬದಲಾದಂತೆ ಕಾಣಿಸಬಹುದು. ಹುಡುಕಿದ ಪದ ಎದುರಿಗೇ ಇದ್ದರೂ ಸಿಗದೆ ಹೋಗಬಹುದು. ಇದಕ್ಕೆ ಪರಿಹಾರವೆಂದರೆ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಎಲ್ಲ ಕಡತಗಳನ್ನೂ ತರುವುದು. ಪೈಥಾನ್‌ನ ಯೂನಿಕೋಡ್‌ಡೇಟಾ ಎಂಬ ಭಾಗದಲ್ಲಿರುವ ನಾರ್ಮಲೈಸ್ ಕಾರ್ಯ ಇದನ್ನು ಮಾಡಿಕೊಡುತ್ತದೆ. ಕೆಲವೇ ಸಾಲಿನ ಪ್ರೋಗ್ರಾಮು ಸಾಕು. ಹೊಸ ಲೇಖನ ಬಂದ ಕೂಡಲೇ ಅದನ್ನು ಓಡಿಸುವ ಅಭ್ಯಾಸ ಮಾಡಿಕೊಳ್ಳಿ.

‘ಸಾಫ್ಟ್‌ವೇರ್’ ಪದದ ನಡುವೆ ಕಾಣದ ಒಂದು ಸಂಕೇತವಿದೆ. ಜೀರೋ ವಿಡ್ತ್ ನಾನ್ ಜಾಯಿನರ್ ಎಂದು ಅದರ ಹೆಸರು. ಅದು ಬಿದ್ದುಹೋದರೆ ಪದ ‘ಸಾಫ್ಟ್ವೇರ್’ ಆಗುತ್ತದೆ. ಪಠ್ಯವನ್ನು ‘ಸ್ವಚ್ಛಗೊಳಿಸುವ’ ಕೆಲವು ಸಾಧನಗಳು ಇದನ್ನು ಕಸವೆಂದು ಅಳಿಸಿಬಿಡುತ್ತವೆ. ಗಿಟ್‌ನಲ್ಲಿ ವ್ಯತ್ಯಾಸ ನೋಡುವಾಗ ಒಂದೇ ರೀತಿಯ ಎರಡು ಸಾಲು ಕೆಂಪು ಹಸಿರಾಗಿ ಕಂಡರೆ ಮೊದಲು ಇದನ್ನು ಅನುಮಾನಿಸಿ, ಆಮೇಲೆ ಎನ್‌ಎಫ್‌ಸಿಯನ್ನು.

ಇನ್ನು ಸಾಲಿನ ವಿಚಾರ. ನಾವು ಪ್ಯಾರಾವನ್ನು ಒಂದೇ ಓಟದಲ್ಲಿ ಟೈಪಿಸುತ್ತೇವೆ. ಹತ್ತು ವಾಕ್ಯದ ಪ್ಯಾರಾ ಗಿಟ್‌ಗೆ ಒಂದೇ ಸಾಲು. ಅದರಲ್ಲಿ ಒಂದು ಕೊಂಬು ತಿದ್ದಿದರೂ ಪ್ಯಾರಾ ಪೂರ್ತಿ ಬದಲಾಯಿತು ಎಂದು ಅದು ಹೇಳುತ್ತದೆ. ಇಬ್ಬರು ಅದೇ ಪ್ಯಾರಾದ ಬೇರೆ ಬೇರೆ ವಾಕ್ಯ ತಿದ್ದಿದರೆ ಜಗಳ ತೆಗೆಯುತ್ತದೆ. ಆದ್ದರಿಂದ ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಬರೆಯಿರಿ. ಪ್ಯಾರಾ ಮುಗಿದಾಗ ಮಾತ್ರ ಒಂದು ಖಾಲಿ ಸಾಲು ಬಿಡಿ. ಮಾರ್ಕ್‌ಡೌನ್‌ನ ನಿಯಮದಂತೆ ಖಾಲಿ ಸಾಲು ಇಲ್ಲದ ಸಾಲುಗಳೆಲ್ಲ ಪುಟದಲ್ಲಿ ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ. ಓದುಗರಿಗೆ ಏನೂ ಗೊತ್ತಾಗುವುದಿಲ್ಲ. ಈ ಒಂದು ಅಭ್ಯಾಸದಿಂದ ನಮ್ಮ ಕರಡು ತಿದ್ದುವ ಕೆಲಸ ಹಗುರವಾದಷ್ಟು ಬೇರೆ ಯಾವುದರಿಂದಲೂ ಆಗಲಿಲ್ಲ. ವಾಕ್ಯಗಳು ಒಂದರ ಕೆಳಗೊಂದು ನಿಂತಾಗ ಉದ್ದುದ್ದದ ವಾಕ್ಯ ತಾನಾಗಿ ಕಣ್ಣಿಗೆ ಬೀಳುತ್ತದೆ ಎಂದು ನಮ್ಮ ಹಿರಿಯ ಕರಡು ತಿದ್ದುವವರು ಹೇಳಿದ್ದೂ ನಿಜವಾಯಿತು. ಕವಿತೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅಲ್ಲಿ ಸಾಲು ಕವಿಯದು. ಸಾಲಿನ ಕೊನೆಯಲ್ಲಿ ಎರಡು ಖಾಲಿ ಜಾಗ ಅಥವಾ ಒಂದು ಹಿಂಬರೆ (\) ಹಾಕಿ ಅದನ್ನು ಹಾಗೆಯೇ ಉಳಿಸಬೇಕು.

ಕಡತದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಮೊದಲು ದಿನಾಂಕ, ಆಮೇಲೆ ಚಿಕ್ಕ ಹೆಸರು. ಕನ್ನಡದಲ್ಲಿ ಹೆಸರಿಟ್ಟರೆ ತಪ್ಪಿಲ್ಲ, ಆದರೆ ಪ್ರತಿ ಕನ್ನಡ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿ, ಪುಟದ ವಿಳಾಸವನ್ನು ನಕಲಿಸುವಾಗ ಒಂಬತ್ತು ಅಕ್ಷರವಾಗುತ್ತದೆ. ಆರು ಸಂಕೇತದ ಒಂದು ಪದ ವಾಟ್ಸ್ಆ್ಯಪ್‌ನಲ್ಲಿ 54 ಅಕ್ಷರಗಳ ಶೇಕಡಾ ಚಿಹ್ನೆಗಳ ಸರಪಳಿಯಾಗಿ ಬೀಳುತ್ತದೆ. ಗಿಟ್ ಕೂಡ ಕನ್ನಡದ ಕಡತದ ಹೆಸರನ್ನು ಬರೀ ಅಂಕಿಗಳಾಗಿ ತೋರಿಸುತ್ತದೆ. ಹಾಗೆ ಈಗಾಗಲೇ ಹೆಸರಿಟ್ಟಿದ್ದರೆ «ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್» ಎಂದು ಒಮ್ಮೆ ಕೊಟ್ಟರೆ ಹೆಸರುಗಳು ಕನ್ನಡದಲ್ಲಿಯೇ ಕಾಣಿಸುತ್ತವೆ.

ಅಡಿಪಾಯ ಹಾಕುವುದು

ಗಿಟ್ ಅನುಸ್ಥಾಪಿಸಿದ ಮೇಲೆ ನಿಮ್ಮ ಹೆಸರು ಮತ್ತು ಇಮೇಲ್ ಕೊಡಬೇಕು: «ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್» ಮತ್ತು ಅದೇ ರೀತಿ «ಯೂಸರ್.ಇಮೇಲ್». ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ಇಲ್ಲಿ ಕೊಟ್ಟ ಇಮೇಲ್ ನಿಮ್ಮ ಪ್ರತಿ ಬದಲಾವಣೆಯ ಜೊತೆಗೂ ಇರುತ್ತದೆ. ರೆಪೊಸಿಟರಿ, ಅಂದರೆ ಗಿಟ್ ಕಾಯುವ ಕಡತಗಳ ಭಂಡಾರ, ಸಾರ್ವಜನಿಕವಾಗಿದ್ದರೆ ಎಲ್ಲರಿಗೂ ಕಾಣುತ್ತದೆ. ಬೇಡವೆನಿಸಿದರೆ, ರೆಪೊಸಿಟರಿಗಳನ್ನು ಜಾಲದಲ್ಲಿ ಇಡುವ ಸೇವೆಯಾದ ಗಿಟ್‌ಹಬ್ ತನ್ನ ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ಕೊಡುವ ‘ನೋರಿಪ್ಲೈ’ ವಿಳಾಸವನ್ನು ಬಳಸಿ.

ತಾಣದ ಫೋಲ್ಡರಿಗೆ ಹೋಗಿ «ಗಿಟ್ ಇನಿಟ್ -ಬಿ ಮೇನ್» ಕೊಡಿ. ಮೊದಲ ಕಮಿಟ್‌ಗೆ (ಬದಲಾವಣೆಗಳನ್ನು ಗಿಟ್‌ನ ಇತಿಹಾಸದಲ್ಲಿ ದಾಖಲಿಸುವುದಕ್ಕೆ) ಮುನ್ನ ಎರಡು ಸಣ್ಣ ಕಡತಗಳನ್ನು ಮಾಡಿ. ‘.ಗಿಟ್‌ಇಗ್ನೋರ್’ ಎಂಬುದರಲ್ಲಿ ಗಿಟ್ ಮುಟ್ಟಬಾರದವುಗಳ ಪಟ್ಟಿ: ಹ್ಯೂಗೊ ಕಟ್ಟಿದ ಪುಟಗಳ ‘ಪಬ್ಲಿಕ್’ ಫೋಲ್ಡರ್, ಪಾಸ್‌ವರ್ಡ್ ಇರುವ ಯಾವುದೇ ಕಡತ, ಲೇಖಕರ ಬ್ಯಾಂಕ್ ವಿವರಗಳ ಸ್ಪ್ರೆಡ್‌ಶೀಟ್. ‘.ಗಿಟ್‌ಆಟ್ರಿಬ್ಯೂಟ್ಸ್’ ಎಂಬುದರಲ್ಲಿ ಒಂದೇ ಸಾಲು, «* ಟೆಕ್ಸ್ಟ್=ಆಟೊ». ವಿಂಡೋಸ್ ಮತ್ತು ಲಿನಕ್ಸ್ ಸಾಲಿನ ಕೊನೆಯನ್ನು ಬೇರೆ ಬೇರೆ ರೀತಿ ಗುರುತಿಸುತ್ತವೆ. ಈ ಸಾಲು ಇಲ್ಲದಿದ್ದರೆ ಒಬ್ಬರು ಕಡತ ತೆರೆದು ಉಳಿಸಿದ ಮಾತ್ರಕ್ಕೆ ಎಲ್ಲ ಸಾಲೂ ಬದಲಾದಂತೆ ಕಾಣುವುದುಂಟು.

ಚಿತ್ರಗಳನ್ನು ಕುಗ್ಗಿಸಿಯೇ ಸೇರಿಸಿ. ಎರಡು ಸಾವಿರ ಪದದ ಕನ್ನಡ ಲೇಖನ ಸುಮಾರು 50 ಕಿಲೋಬೈಟ್ ಆಗಬಹುದು, ಅದರ ನೂರು ಆವೃತ್ತಿ ಇದ್ದರೂ ಭಾರವಿಲ್ಲ. ಆದರೆ ಕ್ಯಾಮೆರಾದ ಐದು ಮೆಗಾಬೈಟ್ ಚಿತ್ರವನ್ನು ನಾಲ್ಕು ಸಲ ಬದಲಿಸಿದರೆ ನಾಲ್ಕೂ ಇತಿಹಾಸದಲ್ಲಿ ಇಡಿಯಾಗಿ ಉಳಿಯುತ್ತವೆ. ಗಿಟ್‌ಹಬ್ 100 ಮೆಗಾಬೈಟ್ ಮೀರಿದ ಒಂದೇ ಕಡತವನ್ನು ಸ್ವೀಕರಿಸುವುದಿಲ್ಲ.

ಸಾರ್ವಜನಿಕವೋ ಖಾಸಗಿಯೋ ಎಂಬುದನ್ನು ಈಗಲೇ ನಿರ್ಧರಿಸಿ. ಗಿಟ್‌ಹಬ್‌ನ ಉಚಿತ ಖಾತೆಯಲ್ಲಿ ಗಿಟ್‌ಹಬ್ ಪೇಜಸ್ ಮೂಲಕ ತಾಣ ನಡೆಸಲು ರೆಪೊಸಿಟರಿ ಸಾರ್ವಜನಿಕವಾಗಿರಬೇಕು. ಹಾಗಾದರೆ ಇನ್ನೂ ಪ್ರಕಟವಾಗದ ಕಥೆ, ಕರಡಿನಲ್ಲಿರುವ ಸಂದರ್ಶನ ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. ‘ಡ್ರಾಫ್ಟ್’ ಎಂದು ಗುರುತಿಸಿದ ಲೇಖನ ತಾಣದಲ್ಲಿ ಕಾಣುವುದಿಲ್ಲ, ಆದರೆ ರೆಪೊಸಿಟರಿಯಲ್ಲಿ ಕಾಣುತ್ತದೆ. ಸಂಸ್ಥೆಯ ಕೈಪಿಡಿ, ಗ್ರಂಥಾಲಯದ ಮಾಹಿತಿ ಇಂಥವಕ್ಕೆ ಸಾರ್ವಜನಿಕವೇ ಚೆನ್ನ. ಸಾಹಿತ್ಯ ಪತ್ರಿಕೆಗೆ ನನ್ನ ಆಯ್ಕೆ ಖಾಸಗಿ ರೆಪೊಸಿಟರಿ, ಪ್ರಕಟಣೆಗೆ ಕ್ಲೌಡ್‌ಫ್ಲೇರ್ ಪೇಜಸ್ ಅಥವಾ ನೆಟ್ಲಿಫೈ.

«ಗಿಟ್ ಆ್ಯಡ್ .» ಎಂದು ಎಲ್ಲವನ್ನೂ ಸೇರಿಸಿ, «ಗಿಟ್ ಸ್ಟೇಟಸ್» ಎಂದು ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ «ಗಿಟ್ ಕಮಿಟ್». ಗಿಟ್‌ಹಬ್‌ನಲ್ಲಿ ಖಾಲಿ ರೆಪೊಸಿಟರಿ ಮಾಡಿ ಅದರ ವಿಳಾಸವನ್ನು «ಗಿಟ್ ರಿಮೋಟ್ ಆ್ಯಡ್ ಒರಿಜಿನ್» ಮೂಲಕ ಜೋಡಿಸಿ, ಮೊದಲ ಸಲ «ಗಿಟ್ ಪುಶ್ -ಯು ಒರಿಜಿನ್ ಮೇನ್» ಕೊಡಿ. ಪುಶ್ ಎಂದರೆ ಗಿಟ್‌ಹಬ್‌ಗೆ ಕಳುಹಿಸುವುದು. ಮುಂದೆ ‘ಮೇನ್’ಗೆ ಬರೀ «ಗಿಟ್ ಪುಶ್» ಸಾಕು.

ಒಂದು ಲೇಖನದ ದಾರಿ

ಕೆಲಸಕ್ಕೆ ಕೂರುವ ಮುನ್ನ «ಗಿಟ್ ಪುಲ್», ಅಂದರೆ ಬೇರೆಯವರ ಹೊಸ ಬದಲಾವಣೆಗಳನ್ನು ಗಿಟ್‌ಹಬ್‌ನಿಂದ ಇಳಿಸಿಕೊಳ್ಳುವುದು. ಇದನ್ನು ಮರೆತದ್ದರಿಂದಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಆಮೇಲೆ ಆ ಲೇಖನಕ್ಕೆಂದೇ ಒಂದು ಬ್ರಾಂಚ್: «ಗಿಟ್ ಸ್ವಿಚ್ -ಸಿ» ಎಂದು ಬರೆದು ಲೇಖನದ ಹೆಸರು ಕೊಡಿ. ಬ್ರಾಂಚ್ ಎಂದರೆ ಮುಖ್ಯ ಪ್ರತಿಯನ್ನು ಮುಟ್ಟದೆ ಬರೆಯಲು ಸಿಗುವ ಬೇರೆ ಹಾಳೆ. ‘ಮೇನ್’ ಬ್ರಾಂಚಿನಲ್ಲಿ ಇರುವುದೇ ಓದುಗರು ಕಾಣುವ ತಾಣ, ಅಲ್ಲಿ ನೇರವಾಗಿ ಯಾರೂ ಬರೆಯಬಾರದು. ಸಾರ್ವಜನಿಕ ರೆಪೊಸಿಟರಿಯಾದರೆ ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ರಕ್ಷಣೆ ಹಾಕಬಹುದು. ಉಚಿತ ಖಾತೆಯ ಖಾಸಗಿ ರೆಪೊಸಿಟರಿಗೆ ಆ ರಕ್ಷಣೆ ಸಿಗುವುದಿಲ್ಲ. ಅಲ್ಲಿ ಪರಸ್ಪರ ಕೊಟ್ಟ ಮಾತೇ ಬೇಲಿ.

ಬರೆದು ಮುಗಿದ ಮೇಲೆ «ಗಿಟ್ ಡಿಫ್ --ವರ್ಡ್-ಡಿಫ್» ಕೊಡಿ. ಬರೀ «ಗಿಟ್ ಡಿಫ್» ಸಾಲುಗಳನ್ನು ತೋರಿಸಿದರೆ, ಇದು ಬದಲಾದ ಪದಗಳನ್ನು ತೋರಿಸುತ್ತದೆ. ಪದವನ್ನು ಖಾಲಿ ಜಾಗದಿಂದ ಗುರುತಿಸುವುದರಿಂದ ಕನ್ನಡದ ಪದಗಳು ಒತ್ತು ಕೊಂಬುಗಳಲ್ಲಿ ಒಡೆಯದೆ ಇಡಿಯಾಗಿ ಬರುತ್ತವೆ. ಕಮಿಟ್ ಮಾಡುವ ಮುನ್ನ ಇದನ್ನು ಒಂದು ಸಲ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುತ್ತದೆ.

ನಂತರ ಕಮಿಟ್, ಪುಶ್. ಹೊಸ ಬ್ರಾಂಚಿನ ಮೊದಲ ಪುಶ್‌ಗೆ «ಗಿಟ್ ಪುಶ್ -ಯು ಒರಿಜಿನ್» ಎಂದು ಬರೆದು ಬ್ರಾಂಚಿನ ಹೆಸರು ಕೊಡಿ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆಯಿರಿ. ಅಂದರೆ, ‘ಇಷ್ಟು ಬದಲಾವಣೆ ಮಾಡಿದ್ದೇನೆ, ನೋಡಿ ಒಪ್ಪಿಕೊಳ್ಳಿ’ ಎಂಬ ಕೋರಿಕೆ. ನೆಟ್ಲಿಫೈ ಅಥವಾ ಕ್ಲೌಡ್‌ಫ್ಲೇರ್ ಜೋಡಿಸಿದ್ದರೆ ಆ ಬ್ರಾಂಚಿನ ತಾಣವನ್ನು ತಾತ್ಕಾಲಿಕ ವಿಳಾಸದಲ್ಲಿ ಕಟ್ಟಿಕೊಡುತ್ತವೆ. ಕರಡು ತಿದ್ದುವವರು ತಮ್ಮ ಮೊಬೈಲ್‌ನಲ್ಲಿ ಪುಟವನ್ನು ಓದುಗರಂತೆಯೇ ಓದಿ, ಸಾಲಿನ ಪಕ್ಕದಲ್ಲಿಯೇ ಟಿಪ್ಪಣಿ ಬರೆಯಬಹುದು. ಒಪ್ಪಿಗೆಯಾದರೆ ಮರ್ಜ್ ಮಾಡಿ, ಅಂದರೆ ‘ಮೇನ್’ಗೆ ಕೂಡಿಸಿ, ಬ್ರಾಂಚನ್ನು ಅಳಿಸಿ.

ಗಿಟ್ ಅನುಸ್ಥಾಪಿಸಲು ಒಲ್ಲದ ಹಿರಿಯ ಸಂಪಾದಕರು ಇದ್ದರೆ ಅವರನ್ನು ಒತ್ತಾಯಿಸಬೇಡಿ. ಗಿಟ್‌ಹಬ್ ಪುಟದಲ್ಲಿ ಕಡತದ ಮೇಲಿರುವ ಪೆನ್ಸಿಲ್ ಗುರುತನ್ನು ಒತ್ತಿ ಅಲ್ಲಿಯೇ ತಿದ್ದಬಹುದು. ಉಳಿಸುವಾಗ ‘ಹೊಸ ಬ್ರಾಂಚ್’ ಎಂಬುದನ್ನು ಆರಿಸಿದರೆ ಆಯಿತು. ನಮ್ಮ ಸಂಪಾದಕರು ಇಂದಿಗೂ ಇದೊಂದೇ ದಾರಿಯಲ್ಲಿ ಕೆಲಸ ಮಾಡುತ್ತಾರೆ, ಅವರ ತಿದ್ದುಪಡಿಗಳು ಅವರ ಹೆಸರಿನಲ್ಲಿಯೇ ದಾಖಲಾಗುತ್ತವೆ.

ಕಾರಣ ಬರೆಯುವುದು

ಕಮಿಟ್ ಮಾಡುವಾಗ ಗಿಟ್ ಒಂದು ಸಂದೇಶ ಕೇಳುತ್ತದೆ. ಅವಸರದಲ್ಲಿ ಎಲ್ಲರೂ ‘ತಿದ್ದುಪಡಿ’ ಎಂದು ಬರೆದು ಮುಗಿಸುತ್ತಾರೆ. ಏನು ತಿದ್ದಿದ್ದು ಎಂಬುದನ್ನು ಗಿಟ್ ತಾನೇ ತೋರಿಸುತ್ತದೆ. ಅದನ್ನು ನೀವು ಹೇಳಬೇಕಾಗಿಲ್ಲ. ಏಕೆ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ಮೊದಲ ಸಾಲು ಚಿಕ್ಕದಾಗಿರಲಿ, ಒಂದು ಸಾಲು ಖಾಲಿ ಬಿಡಿ, ಕೆಳಗೆ ಕಾರಣ ಬರೆಯಿರಿ. ಮೇಲೆ ಹೇಳಿದ ಕಥೆಯದೇ ಒಂದು ಸಂದೇಶ ಹೀಗಿದೆ:

ಲೇಖಕರ ಕೋರಿಕೆ: ‘ಸೋಗೆ’ ಬದಲು ‘ಗರಿ’

ಕಥೆಯ ಮನೆಗೆ ಹೊದಿಸಿರುವುದು ತೆಂಗಿನ ಗರಿ. ಲೇಖಕಿಯ ಊರಿನಲ್ಲಿ ಸೋಗೆ ಎಂದರೆ ಅಡಿಕೆಯದು ಮಾತ್ರ. ಕರಡು ತಿದ್ದುವಾಗ ನಾವೇ ಬದಲಿಸಿದ್ದೆವು, ಅದು ತಪ್ಪು.

ಮೊದಲ ಪದಕ್ಕೆ ನಾವು ನಾಲ್ಕೇ ಗುರುತುಗಳನ್ನು ಇಟ್ಟುಕೊಂಡಿದ್ದೇವೆ: ‘ಹೊಸದು’, ‘ಕಾಗುಣಿತ’, ‘ಸಂಗತಿ’, ‘ಲೇಖಕರ ಕೋರಿಕೆ’. ಇದರ ಬೆಲೆ ತಿಳಿಯುವುದು ವರ್ಷದ ನಂತರ. «ಗಿಟ್ ಲಾಗ್ --ಗ್ರೆಪ್=ಸಂಗತಿ» ಎಂದರೆ ಇಸವಿ, ಹೆಸರು, ಊರು ಇಂಥ ಮಾಹಿತಿ ತಿದ್ದಿದ ಕಮಿಟ್‌ಗಳೆಲ್ಲ ಎದುರಿಗೆ ಬರುತ್ತವೆ. ಓದುಗರಿಗೆ ತಿದ್ದುಪಡಿಗಳ ಪುಟ ಕೊಡಬೇಕೆಂದಾಗ ನಾವು ಮಾಡಿದ್ದು ಇದೊಂದೇ ಹುಡುಕಾಟ. ಒಂದು ಪದ ಎಂದು ಬಂತು, ಎಂದು ಹೋಯಿತು ಎಂದು ತಿಳಿಯಲು «ಗಿಟ್ ಲಾಗ್ -ಎಸ್» ಕೊಟ್ಟು, ಅಂತರವಿಲ್ಲದೆ ಆ ಪದವನ್ನು ಬರೆಯಿರಿ. ಇಲ್ಲಿ ಎಸ್ ಮಾತ್ರ ದೊಡ್ಡಕ್ಷರ.

ಒಂದು ಕಮಿಟ್‌ನಲ್ಲಿ ಒಂದೇ ಕೆಲಸವಿರಲಿ. ಹತ್ತು ಲೇಖನಗಳ ಕಾಗುಣಿತ ಮತ್ತು ಒಂದು ಇಸವಿಯ ತಿದ್ದುಪಡಿಯನ್ನು ಒಟ್ಟಿಗೆ ಕಟ್ಟಿದರೆ, ಇಸವಿಯನ್ನು ಮಾತ್ರ ಹಿಂತೆಗೆಯಬೇಕಾದಾಗ ಕಾಗುಣಿತವೂ ಹೋಗುತ್ತದೆ. ಕಡತದ ಹೆಸರು ಬದಲಿಸುವುದನ್ನು ಯಾವಾಗಲೂ ಪ್ರತ್ಯೇಕ ಕಮಿಟ್ ಮಾಡಿ. ಹೆಸರು ಬದಲಾದದ್ದನ್ನು ಗಿಟ್ ದಾಖಲಿಸುವುದಿಲ್ಲ. ಎರಡು ಕಡತಗಳ ಹೋಲಿಕೆ ನೋಡಿ ಊಹಿಸುತ್ತದೆ, ರೂಢಿಯಂತೆ ಅರ್ಧದಷ್ಟಾದರೂ ಹೋಲಬೇಕು. ಹೆಸರನ್ನೂ ಒಳಗಿನದ್ದನ್ನೂ ಒಟ್ಟಿಗೆ ಬದಲಿಸಿದರೆ ಹಳೆಯ ಇತಿಹಾಸದ ಎಳೆ ತುಂಡಾಗಬಹುದು. ಹೆಸರು ಬದಲಿಸಿದಾಗ ಪುಟದ ವಿಳಾಸವೂ ಬದಲಾಗುವುದರಿಂದ ಹ್ಯೂಗೊದ ‘ಏಲಿಯಾಸಸ್’ ಪಟ್ಟಿಯಲ್ಲಿ ಹಳೆಯ ವಿಳಾಸವನ್ನು ಸೇರಿಸಿ.

ಇಬ್ಬರೂ ಒಂದೇ ಸಾಲು ತಿದ್ದಿದಾಗ

ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಎಂದು ಬಂದರೆ ಗಾಬರಿ ಬೇಡ, ಏನೂ ಹಾಳಾಗಿಲ್ಲ. ಕಡತದೊಳಗೆ ಗಿಟ್ ಹೀಗೆ ಗುರುತು ಹಾಕಿರುತ್ತದೆ:

<<<<<<<
ಗುಡಿಯ ಮುಂದಿನ ಕಲ್ಲು ಶಾಸನ ಒಡೆದಿದೆ.
=======
ಗುಡಿಯ ಹಿಂದಿನ ಕಲ್ಲು ಶಾಸನ ಒಡೆದಿದೆ.
>>>>>>>

ಮೇಲಿನದು ನಿಮ್ಮ ಬ್ರಾಂಚಿನದು, ಕೆಳಗಿನದು ಒಳಬರುತ್ತಿರುವುದು. ಸರಿಯಾದುದನ್ನು ಉಳಿಸಿ, ಮೂರೂ ಗುರುತುಗಳನ್ನು ಅಳಿಸಿ, ಮತ್ತೆ ಆ್ಯಡ್ ಮತ್ತು ಕಮಿಟ್ ಮಾಡಿ. ಆದರೆ ಯಾವುದು ಸರಿ ಎಂದು ಗಿಟ್‌ಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲದಿರಬಹುದು. ಶಾಸನ ಗುಡಿಯ ಮುಂದಿದೆಯೋ ಹಿಂದಿದೆಯೋ ಎಂದು ನೋಡಿ ಬಂದವರನ್ನು ಫೋನ್ ಮಾಡಿ ಕೇಳಿ. ಊಹಿಸಿ ಒಂದನ್ನು ಉಳಿಸುವುದು ಬರಹದ ವಿಷಯದಲ್ಲಿ ದೊಡ್ಡ ತಪ್ಪು.

ಹಿಂದಕ್ಕೆ ಹೋಗುವುದು

ಇನ್ನೂ ಕಮಿಟ್ ಮಾಡದ ಬದಲಾವಣೆ ಬೇಡವಾದರೆ «ಗಿಟ್ ರಿಸ್ಟೋರ್» ಮತ್ತು ಕಡತದ ಹೆಸರು. ಎಚ್ಚರ, ಹೀಗೆ ಬಿಟ್ಟದ್ದು ಮರಳಿ ಸಿಗುವುದಿಲ್ಲ. ಪುಶ್ ಮಾಡಿ ಆಗಿದ್ದರೆ «ಗಿಟ್ ರಿವರ್ಟ್» ಬಳಸಿ. ಅದು ಹಳೆಯದನ್ನು ಅಳಿಸದೆ, ಅದನ್ನು ರದ್ದುಪಡಿಸುವ ಹೊಸ ಕಮಿಟ್ ಸೇರಿಸುತ್ತದೆ. ಪ್ರತಿ ಕಮಿಟ್‌ಗೂ 40 ಅಕ್ಷರದ ಗುರುತು ಇರುತ್ತದೆ, ಸಾಮಾನ್ಯವಾಗಿ ಮೊದಲ ಏಳು ಕೊಟ್ಟರೆ ಸಾಕು. ಒಂದು ಲೇಖನವನ್ನು ಮಾತ್ರ ಹಳೆಯ ಸ್ಥಿತಿಗೆ ತರಲು «ಗಿಟ್ ರಿಸ್ಟೋರ್ --ಸೋರ್ಸ್=» ಎಂದು ಆ ಗುರುತನ್ನು ಕೊಟ್ಟು ಕಡತದ ಹೆಸರು ಬರೆಯಿರಿ. ಕಥೆಗಾರ್ತಿಯ ತಿದ್ದುಪಡಿಗಳು ಕಳೆದುಹೋದ ದಿನ ನಮ್ಮ ಬಳಿ ಗಿಟ್ ಇದ್ದಿದ್ದರೆ ಅರ್ಧ ನಿಮಿಷದ ಕೆಲಸವಾಗುತ್ತಿತ್ತು.

ಬೇರೆಯವರ ಕೆಲಸವನ್ನು ಅಳಿಸಿಹಾಕಬಲ್ಲ «ರಿಸೆಟ್ --ಹಾರ್ಡ್» ಮತ್ತು «ಪುಶ್ --ಫೋರ್ಸ್» ಎಂಬ ಎರಡನ್ನು ಹಂಚಿಕೊಂಡ ಬ್ರಾಂಚಿನಲ್ಲಿ ಯಾರೂ ಬಳಸಬಾರದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಗಿಟ್ ಮರೆಯುವುದಿಲ್ಲ ಎಂಬುದೇ ಒಂದು ಅಪಾಯವೂ ಹೌದು. ಲೇಖಕರ ಫೋನ್ ಸಂಖ್ಯೆಯೋ ಮಗುವೊಂದರ ಗುರುತು ಸಿಗುವ ಚಿತ್ರವೋ ಕಮಿಟ್ ಆದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ. ‘ಗಿಟ್ ಫಿಲ್ಟರ್-ರೆಪೊ’ ಎಂಬ ಸಾಧನದಿಂದ ಇತಿಹಾಸವನ್ನೇ ತಿದ್ದಬಹುದು, ಆದರೆ ಆಗ ಎಲ್ಲರೂ ರೆಪೊಸಿಟರಿಯನ್ನು ಹೊಸದಾಗಿ ಇಳಿಸಿಕೊಳ್ಳಬೇಕು, ಈಗಾಗಲೇ ಬೇರೆಯವರು ನಕಲು ಮಾಡಿಕೊಂಡದ್ದನ್ನು ತಡೆಯಲಾಗದು. ಪಾಸ್‌ವರ್ಡ್ ಸೇರಿಹೋಗಿದ್ದರೆ ಅಳಿಸುತ್ತಾ ಕೂರಬೇಡಿ, ಮೊದಲು ಪಾಸ್‌ವರ್ಡ್ ಬದಲಿಸಿ.

ಪ್ರಕಟಣೆಯ ಬೆಳಿಗ್ಗೆ

ಹ್ಯೂಗೊ ಮುಂದಿನ ಸಮಯವಿರುವ ಲೇಖನವನ್ನು ರೂಢಿಯಂತೆ ಪ್ರಕಟಿಸುವುದಿಲ್ಲ. ಲೇಖನದ ತಲೆಯಲ್ಲಿ ಬೆಳಿಗ್ಗೆ 6 ಗಂಟೆ ಎಂದು ಬರೆದು ಕಾಲವಲಯ ಕೊಡದಿದ್ದರೆ ಅದನ್ನು ಅಂತರರಾಷ್ಟ್ರೀಯ ಕಾಲಮಾನವೆಂದು ತಿಳಿಯುತ್ತದೆ. ನಮ್ಮ ಗಡಿಯಾರದಲ್ಲಿ ಅದು 11.30. ಮರ್ಜ್ ಆಗಿದೆ, ದೋಷವೇನೂ ಇಲ್ಲ, ಆದರೂ ಯುಗಾದಿ ಸಂಚಿಕೆ ಕಾಣುತ್ತಿಲ್ಲ ಎಂದು ಒಂದು ಹಬ್ಬದ ಬೆಳಿಗ್ಗೆಯೆಲ್ಲ ಹುಡುಕಿದ್ದೇವೆ. ಸಮಯದ ಕೊನೆಗೆ +05:30 ಸೇರಿಸಿ. 11.30 ದಾಟಿದರೂ ತಾಣ ತಾನಾಗಿ ಬದಲಾಗುವುದಿಲ್ಲ, ಮತ್ತೊಮ್ಮೆ ಕಟ್ಟಿಸಬೇಕು ಎಂಬುದೂ ನೆನಪಿರಲಿ.

ಸಂಚಿಕೆ ಪೂರ್ತಿಯಾದ ದಿನ ಒಂದು ಟ್ಯಾಗ್, ಅಂದರೆ ಆ ದಿನದ ಸ್ಥಿತಿಗೆ ಒಂದು ಹೆಸರು, ಹಾಕಿ: «ಗಿಟ್ ಟ್ಯಾಗ್ -ಎ» ಎಂದು ವರ್ಷ ಮತ್ತು ತಿಂಗಳು. ಟ್ಯಾಗುಗಳು ಸಾಮಾನ್ಯ ಪುಶ್ ಜೊತೆ ಹೋಗುವುದಿಲ್ಲ, «ಗಿಟ್ ಪುಶ್ --ಟ್ಯಾಗ್ಸ್» ಎಂದು ಬೇರೆಯಾಗಿ ಕಳುಹಿಸಬೇಕು. ಯಾರಾದರೂ ನಮ್ಮ ಲೇಖನವನ್ನು ಉಲ್ಲೇಖಿಸಿ, ಪ್ರಕಟವಾದ ದಿನ ಅಲ್ಲಿ ಏನಿತ್ತು ಎಂದು ಕೇಳಿದರೆ ಆ ದಿನದ ತಾಣವನ್ನು ಹಾಗೆಯೇ ಕಟ್ಟಿ ತೋರಿಸಬಹುದು.

ಕೊನೆಯ ಕೆಲಸ ಕಾಪು ಪ್ರತಿ. ತಂಡದ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಇತಿಹಾಸ ಪೂರ್ತಿ ಇರುತ್ತದೆ, ಆದರೂ ಗಿಟ್‌ಹಬ್‌ನಂಥದೇ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಎರಡನೆಯ ರಿಮೋಟ್ (ದೂರದ ಪ್ರತಿ) ಮಾಡಿ ತಿಂಗಳಿಗೊಮ್ಮೆ «ಗಿಟ್ ಪುಶ್ --ಮಿರರ್» ಕೊಡಿ. ಆ ರಿಮೋಟನ್ನು ಇದಕ್ಕೆಂದೇ ಮೀಸಲಿಡಿ, ಏಕೆಂದರೆ ಮಿರರ್ ಆ ಕಡೆ ಇರುವುದನ್ನೆಲ್ಲ ಈ ಕಡೆಯಂತೆಯೇ ಮಾಡುತ್ತದೆ, ಅಳಿಸುವುದೂ ಸೇರಿ. ಆರು ತಿಂಗಳಿಗೊಮ್ಮೆ ಗಿಟ್ ಮತ್ತು ಹ್ಯೂಗೊ ಮಾತ್ರ ಇರುವ ಬೇರೆ ಕಂಪ್ಯೂಟರಿನಲ್ಲಿ ಆ ಪ್ರತಿಯನ್ನು ಇಳಿಸಿ ತಾಣವನ್ನು ಕಟ್ಟಿ ನೋಡಿ. ಹ್ಯೂಗೊದ ಹೊಸ ಆವೃತ್ತಿ ಹಳೆಯ ವಿನ್ಯಾಸಕ್ಕೆ ಒಗ್ಗದಿರಬಹುದು, ಆದ್ದರಿಂದ ನೀವು ಬಳಸುವ ಆವೃತ್ತಿಯ ಸಂಖ್ಯೆಯನ್ನು ರೆಪೊಸಿಟರಿಯ ‘ರೀಡ್‌ಮಿ’ ಕಡತದಲ್ಲಿ ಬರೆದಿಡಿ, ಬದಲಿಸಿದ ದಿನ ಅದನ್ನೂ ಕಾರಣದ ಸಮೇತ ಕಮಿಟ್ ಮಾಡಿ.